ಸವಾರನಿಗೆ ಶಿಕ್ಷೆ, ಇಳಿಜಾರಿಗೆ ಮಾಫಿ

2025ರ ಜನವರಿ 1ರಿಂದ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ವೃತ್ತಿಪರ ಸೈಕಲ್ ಪಂದ್ಯಗಳಲ್ಲಿ ಹಳದಿ ಕಾರ್ಡಿನ ಪದ್ಧತಿಯನ್ನು ಜಾರಿಗೆ ತಂದಿದೆ. ಇತರರ ಜೀವಕ್ಕೆ ಅಪಾಯವಾಗುವಂತೆ ಸವಾರಿ ಮಾಡಿದವನಿಗೆ ಕಾರ್ಡು. ಒಂದೇ ಪಂದ್ಯದಲ್ಲಿ ಎರಡು ಬಿದ್ದರೆ ಪಂದ್ಯದಿಂದ ಹೊರಕ್ಕೆ, ಮೇಲೆ 7 ದಿನ ಅಮಾನತು. 30 ದಿನಗಳಲ್ಲಿ ಮೂರಾದರೆ 14 ದಿನ. ವರ್ಷದಲ್ಲಿ ಆರಾದರೆ 30 ದಿನ. ಲೆಕ್ಕ ಅಚ್ಚುಕಟ್ಟಾಗಿದೆ. ಇದನ್ನು ನಾವು ವಿರೋಧಿಸುವುದಿಲ್ಲ. ಆದರೆ ಈ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಖಾಲಿ ಬಿಟ್ಟಿದ್ದಾರೆ. ಅದು ಯಾರ ಹೆಸರಿನ ಪುಟವೆಂಬುದನ್ನು ಓದುಗರ ಮುಂದೆ ಇಡಬೇಕಾಗಿದೆ.

ಯೂರೋಪಿನ ಪಂದ್ಯದ ಸುದ್ದಿ ನಮಗೇಕೆ ಎಂದು ಕೇಳುವವರಿದ್ದಾರು. ವಿಜಾಪುರ, ಬಾಗಲಕೋಟೆ ಸೀಮೆಯ ರೈತರ ಮಕ್ಕಳು ಸೈಕಲ್ ಪಂದ್ಯದಲ್ಲಿ ನಾಡಿಗೆ ಹೆಸರು ತಂದವರು. ಅವರಿಗೂ ಇದು ಬೇಕಾದ ಸುದ್ದಿ. ಅದಿಲ್ಲದಿದ್ದರೂ, ದುಡಿಯುವವನ ಮೈಗೆ ಪೆಟ್ಟಾದಾಗ ತಪ್ಪು ಯಾರದೆಂದು ಬರೆಯುವ ಕೈ ಯಾರದು ಎಂಬ ಪ್ರಶ್ನೆ ಎಲ್ಲ ದೇಶದಲ್ಲೂ ಒಂದೇ.

ರಸ್ತೆಯ ಪಂದ್ಯ ಇನ್ನೂರು ಕಿಲೋಮೀಟರ್ ಸಾಗಿ ಬಂದರೂ ಎಷ್ಟೋ ದಿನ ಅದರ ತೀರ್ಮಾನವಾಗುವುದು ಕೊನೆಯ ಇನ್ನೂರು ಮೀಟರಿನಲ್ಲಿ. ಇದಕ್ಕೆ ಸ್ಪ್ರಿಂಟ್ ಎನ್ನುತ್ತಾರೆ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ಎದುರು ಕಡಿಮೆಯಾಗಿ ಶ್ರಮ ಬಹಳ ಉಳಿಯುತ್ತದೆ. ಆದ್ದರಿಂದ ಪ್ರತಿ ತಂಡವೂ ತನ್ನ ವೇಗದ ಸವಾರನನ್ನು ಹಿಂದಿಟ್ಟುಕೊಂಡು, ಉಳಿದವರು ಒಬ್ಬೊಬ್ಬರಾಗಿ ಗಾಳಿಗೆ ಎದೆಕೊಟ್ಟು ಬಸವಳಿದು ಪಕ್ಕಕ್ಕೆ ಸರಿಯುತ್ತಾರೆ. ಕೊನೆಗೆ ಬೆರಳೆಣಿಕೆಯ ಸವಾರರು, ಚಕ್ರಕ್ಕೆ ಚಕ್ರ, ಭುಜಕ್ಕೆ ಭುಜ. ಸ್ಪ್ರಿಂಟ್ ಆರಂಭಿಸಿದಾಗ ಹಿಡಿದ ದಾರಿಯನ್ನು ಬಿಟ್ಟು ಮತ್ತೊಬ್ಬನ ದಾರಿಗೆ ಅಡ್ಡ ಬರಬಾರದೆಂಬುದು ನಿಯಮ. ಆ ವೇಗದಲ್ಲಿ ಒಂದು ಗೇಣು ಸರಿದರೂ ಸಾಕು.

2020ರ ಆಗಸ್ಟ್ 5ರಂದು ಪೋಲೆಂಡಿನ ಕಾಟೊವಿಟ್ಸೆ ನಗರದಲ್ಲಿ ನಡೆದದ್ದು ಅದೇ. ಪೋಲೆಂಡ್ ಪ್ರವಾಸದ ಮೊದಲ ದಿನ. ಮುಂದಿದ್ದವನು ನೆದರ್ಲೆಂಡ್ಸಿನ ಡೈಲನ್ ಗ್ರೋನೆವೆಗನ್, ವಯಸ್ಸು 27. ಅವನ ಬಲಕ್ಕೆ ಬೇಲಿಯ ಪಕ್ಕದ ಸಂದಿನಲ್ಲಿ ಮೇಲೆ ಬರುತ್ತಿದ್ದವನು ಅದೇ ದೇಶದ 23ರ ಹುಡುಗ ಫಾಬಿಯೊ ಯಾಕೊಬ್ಸನ್. ಗ್ರೋನೆವೆಗನ್ ಬಲಕ್ಕೆ ವಾಲಿದ, ಮೊಣಕೈ ಚಾಚಿದ. ಯಾಕೊಬ್ಸನ್ ಬೇಲಿಗೆ ಅಪ್ಪಳಿಸಿದ, ಬೇಲಿ ಕಿತ್ತುಹೋಯಿತು, ಅವನು ಅದರಾಚೆಗೆ ಹಾರಿ ಬಿದ್ದ. ವೈದ್ಯರು ಔಷಧಿಯಿಂದ ಪ್ರಜ್ಞೆ ತಪ್ಪಿಸಿಟ್ಟು ಜೀವ ಉಳಿಸಿದರು. ಮುಖಕ್ಕೆ 130 ಹೊಲಿಗೆ ಬಿದ್ದವು. ಹಲ್ಲುಗಳು ಹೋದವು. ಮುರಿದ ದವಡೆಯನ್ನು ಸೊಂಟದ ಎಲುಬಿನ ತುಂಡಿನಿಂದ ಮತ್ತೆ ಕಟ್ಟಬೇಕಾಯಿತು.

ಗ್ರೋನೆವೆಗನ್‌ಗೆ ಒಂಬತ್ತು ತಿಂಗಳ ನಿಷೇಧ, 2021ರ ಮೇ 7ರವರೆಗೆ. ತಪ್ಪು ಅವನದೇ, ಅವನೂ ಅಲ್ಲಗಳೆಯಲಿಲ್ಲ. ಕೊಲೆ ಬೆದರಿಕೆಗಳು ಬಂದು ಅವನ ಮನೆಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಯಾಕೊಬ್ಸನ್‌ನ ತಂಡದ ಯಜಮಾನರು ಅವನನ್ನು ಜೈಲಿಗೆ ಹಾಕಬೇಕೆಂದರು.

ಇಷ್ಟೆಲ್ಲ ಆದಮೇಲೆ ಕೇಳಬೇಕಾದ ಪ್ರಶ್ನೆ ಒಂದಿದೆ. ಆ ರಸ್ತೆ ಇಳಿಜಾರಾಗಿತ್ತು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 65-70 ಕಿಲೋಮೀಟರ್ ಇರುವ ವೇಗ ಅಲ್ಲಿ 80 ದಾಟುತ್ತಿತ್ತು. ಆ ಜಾಗದಲ್ಲಿ ಪಂದ್ಯ ಮುಗಿಸುವುದು ಅಪಾಯವೆಂದು ಸವಾರರು ಹಿಂದಿನ ವರ್ಷಗಳಲ್ಲೂ ಹೇಳಿದ್ದರು. ಸವಾರನನ್ನು ತಡೆದು ಹಿಡಿಯಬೇಕಾದ ಬೇಲಿ ಚದುರಿಹೋಗುವಂಥದ್ದಾಗಿತ್ತು. ಇಳಿಜಾರನ್ನು ಆರಿಸಿದವರು ಯಾರು? ಬೇಲಿ ನಿಲ್ಲಿಸಿದವರು ಯಾರು? ಇದು ಸರಿಯೆಂದು ರುಜು ಹಾಕಿದವರು ಯಾರು? ಅವರಲ್ಲಿ ಯಾರನ್ನೂ ಒಂಬತ್ತು ತಿಂಗಳು ಮನೆಯಲ್ಲಿ ಕೂರಿಸಲಿಲ್ಲ. ಇದು ಯಾವ ಸೀಮೆಯ ನ್ಯಾಯ?

ಅದೇ ಪಂದ್ಯದಲ್ಲಿ ಸರಿಯಾಗಿ ಒಂದು ವರ್ಷದ ಹಿಂದೆ, 2019ರ ಆಗಸ್ಟ್ 5ರಂದು, ಬೆಲ್ಜಿಯಮಿನ 22ರ ತರುಣ ಬ್ಯೋರ್ಗ್ ಲಾಂಬ್ರೆಕ್ಟ್ ರಸ್ತೆಯಂಚಿನ ಮೋರಿಗೆ ಬಡಿದು ಸತ್ತಿದ್ದ. ಅಲ್ಲಿ ಅಡ್ಡ ಬಂದ ಸವಾರನಿರಲಿಲ್ಲ.

ಹಳೆಯ ಕಡತ ತೆರೆದರೂ ಇದೇ ಕಥೆ. 1991ರ ಫ್ರಾನ್ಸ್ ಪ್ರವಾಸದ ಕೊನೆಯ ದಿನ ಪ್ಯಾರಿಸಿನಲ್ಲಿ ಉಜ್ಬೇಕಿಸ್ತಾನದ ಅಬ್ದುಜಪಾರೊವ್ ತಲೆ ತಗ್ಗಿಸಿ ತುಳಿಯುತ್ತ ಜಾಹೀರಾತು ತುಂಬಿದ ಬೇಲಿಗೆ ಬಡಿದು ನೆಲಕ್ಕೆ ಬಿದ್ದ. ಸವಾರನ ಅಜಾಗರೂಕತೆ ಎಂದರು. ರಸ್ತೆಗೆ ಕಾಲು ಚಾಚಿ ನಿಂತ ಬೇಲಿಯ ಅಜಾಗರೂಕತೆಯನ್ನು ಹೇಳುವವರು ಕಡಿಮೆ. 1994ರಲ್ಲಿ ಆರ್ಮಾಂತಿಯೇರ್ ಎಂಬ ಊರಿನಲ್ಲಿ ಬಂದೋಬಸ್ತಿಗೆ ನಿಂತ ಪೊಲೀಸನೇ ಫೋಟೋ ತೆಗೆಯಲು ಮುಂದೆ ಬಾಗಿದ. ನೆಲಿಸನ್, ಜಾಲಾಬೇರ್ ಎಂಬ ಇಬ್ಬರು ಸವಾರರು ನೆತ್ತರು ಸುರಿಸಿ ಬಿದ್ದರು.

ಗಿರಣಿಯ ಯಂತ್ರಕ್ಕೆ ಕೈ ಕೊಟ್ಟ ಕೂಲಿಕಾರನ ಕಾಗದದಲ್ಲಿ ಮೇಸ್ತ್ರಿ ಏನು ಬರೆಯುತ್ತಾನೆಂಬುದು ನಮ್ಮ ಓದುಗರಿಗೆ ಗೊತ್ತು. ಯಂತ್ರದ ಹಲ್ಲಿಗೆ ಮುಚ್ಚಳವಿರಲಿಲ್ಲವೆಂದು ಅವನು ಬರೆಯುವುದಿಲ್ಲ.

ಈ ಪಂದ್ಯಗಳು ಹುಟ್ಟಿದ್ದೇ ವ್ಯಾಪಾರಕ್ಕೆ. 1903ರಲ್ಲಿ ಆನ್ರಿ ದೆಗ್ರಾಂಜ್ ಫ್ರಾನ್ಸ್ ಪ್ರವಾಸವನ್ನು ಆರಂಭಿಸಿದ್ದು ತನ್ನ ಪತ್ರಿಕೆಯ ಮಾರಾಟ ಹೆಚ್ಚಿಸಲಿಕ್ಕೆ. 1924ರಲ್ಲಿ ಪೆಲಿಸಿಯೆ ಸಹೋದರರು ಆ ಕಟ್ಟಳೆಗಳಿಗೆ ಬೇಸತ್ತು ಪಂದ್ಯ ಬಿಟ್ಟಿಳಿದು, ಒಂದು ಹೋಟೆಲಿನಲ್ಲಿ ಕೂತು ಆಲ್ಬೇರ್ ಲೋಂದ್ರ್ ಎಂಬ ಪತ್ರಕರ್ತನಿಗೆ ತಮ್ಮ ಪಾಡು ಹೇಳಿಕೊಂಡರು. ನೂರು ವರ್ಷ ಕಳೆದಿದೆ. ಈಗ ದೂರದರ್ಶನದ ಹಕ್ಕಿನ ಹಣವನ್ನು ಪಂದ್ಯದ ಒಡೆಯರು ತಂಡಗಳಿಗೆ ಹಂಚುವುದಿಲ್ಲ. ತಂಡಗಳು ಜಾಹೀರಾತುದಾರರ ದುಡ್ಡಿನಲ್ಲಿ ಉಸಿರಾಡುತ್ತವೆ. ಕಾಟೊವಿಟ್ಸೆಯಲ್ಲಿ ಒಬ್ಬನ ಎದೆಯ ಮೇಲಿದ್ದದ್ದು ದಿನಸಿ ಅಂಗಡಿಗಳ ಹೆಸರು, ಇನ್ನೊಬ್ಬನ ಎದೆಯ ಮೇಲೆ ಕಿಟಕಿ ಮತ್ತು ನೆಲಹಾಸಿನ ಕಂಪನಿಗಳದು. ಗೆದ್ದವನ ಎದೆ ಪತ್ರಿಕೆಯಲ್ಲಿ ಕಾಣುತ್ತದೆ, ಮೂರನೆಯವನದು ಕಾಣುವುದಿಲ್ಲ. ಮುಂದಿನ ವರ್ಷದ ಕರಾರು ನಿಂತಿರುವುದು ಅದರ ಮೇಲೆ. ಹೀಗಿರುವಾಗ ಬ್ರೇಕು ಹಿಡಿಯುವ ಸವಾರನಿಗೆ ಬಹುಮಾನ ಕೊಡುವವರು ಯಾರು?

ಸಾಹಸದ ಆಟದಲ್ಲಿ ಪೆಟ್ಟು ಇದ್ದದ್ದೇ ಎನ್ನುವವರಿಗೆ ಉತ್ತರ ಸವಾರರೇ ಕೊಟ್ಟಿದ್ದಾರೆ. 2021ರ ಫ್ರಾನ್ಸ್ ಪ್ರವಾಸದ ಮೂರನೆಯ ದಿನ, ಜೂನ್ 28ರಂದು, ಪೊಂತಿವಿ ಊರಿನ ಕಿರಿದಾದ ತಿರುವು ರಸ್ತೆಗಳನ್ನು ಕಂಡು, ಬಿದ್ದವರ ಸಮಯ ಕಳೆಯದಂತೆ ಕಾಯುವ ಕೊನೆಯ 3 ಕಿಲೋಮೀಟರಿನ ನಿಯಮವನ್ನು ಇನ್ನಷ್ಟು ಹಿಂದಕ್ಕೆ ಹಿಗ್ಗಿಸಿರೆಂದು ಅವರು ಕೇಳಿದ್ದರು. ಹಾಗೆ ಮಾಡಿದರೆ ಒಟ್ಟು ಸಮಯದ ಲೆಕ್ಕಕ್ಕಾಗಿ ಓಡುವವರು ಸ್ಪ್ರಿಂಟಿನವರ ನಡುವೆ ನುಗ್ಗಬೇಕಾಗಿಲ್ಲ. ಅಧಿಕಾರಿಗಳು ಒಪ್ಪಲಿಲ್ಲ. ಅಂದು ಸಾಲುಸಾಲಾಗಿ ಬಿದ್ದರು. ಸ್ಪ್ರಿಂಟಿನಲ್ಲಿ ಆಸ್ಟ್ರೇಲಿಯಾದ ಕ್ಯಾಲೆಬ್ ಯೂವನ್‌ನ ಕೊರಳೆಲುಬು ಮುರಿಯಿತು. ಮರುದಿನ ಪಂದ್ಯ ಹೊರಟ ಮೇಲೆ ಇಡೀ ಗುಂಪು ಕಾಲು ನೆಲಕ್ಕೂರಿ ಒಂದು ನಿಮಿಷ ನಿಂತಿತು. ಇದನ್ನು ನಾವು ಮುಷ್ಕರವೆಂದೇ ಕರೆಯುತ್ತೇವೆ, ಚಿಕ್ಕದಾದರೂ. ಅದೇ ನಿಯಮವನ್ನು 5 ಕಿಲೋಮೀಟರಿನವರೆಗೆ ಹಿಗ್ಗಿಸುವ ಪ್ರಯೋಗ ನಡೆದದ್ದು 2024ರಲ್ಲಿ. ಮೂರು ವರ್ಷ ಯಾಕೆ ಬೇಕಾಯಿತು?

ತೀರ್ಪು ಅವಸರದ್ದಾದರೆ ಏನಾಗುತ್ತದೆಂಬುದಕ್ಕೆ 2017ರ ಸಾಕ್ಷಿಯಿದೆ. ವಿಟ್ಟೆಲ್ ಊರಿನಲ್ಲಿ ಮಾರ್ಕ್ ಕ್ಯಾವೆಂಡಿಶ್ ಬಿದ್ದು ಭುಜದ ಹಲಗೆ ಮುರಿದಾಗ ಪೀಟರ್ ಸಗಾನ್‌ನನ್ನು ಅಂದೇ ಪಂದ್ಯದಿಂದ ಹೊರಹಾಕಿದರು. ಡಿಸೆಂಬರಿನಲ್ಲಿ ಒಕ್ಕೂಟವೇ ಅದು ಉದ್ದೇಶಪೂರ್ವಕವಲ್ಲದ ಘಟನೆಯೆಂದು ಒಪ್ಪಿಕೊಂಡಿತು. ಅಷ್ಟರಲ್ಲಿ ಪಂದ್ಯ ಮುಗಿದು ನಾಲ್ಕು ತಿಂಗಳ ಮೇಲಾಗಿತ್ತು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಕಾರ್ಡು ಇರಲಿ. ಬೇಕೆಂದು ಅಡ್ಡ ಬಂದವನಿಗೆ ಶಿಕ್ಷೆಯಾಗಲಿ, ಆದರೆ ಅವನ ಮಾತು ಕೇಳಿ ಆಗಲಿ. ಜೊತೆಗೆ, ಕೊನೆಯ ಐದು ಕಿಲೋಮೀಟರಿನ ನಕ್ಷೆಯ ಮೇಲೆ ಒಡೆಯನ ರುಜುವಿನ ಪಕ್ಕದಲ್ಲಿ ಸವಾರರ ಸಂಘದ ರುಜುವೂ ಬೀಳಬೇಕು. ಸಂಘ ಒಪ್ಪದ ರಸ್ತೆಯಲ್ಲಿ ಸ್ಪ್ರಿಂಟ್ ನಡೆಯಕೂಡದು. ಬೇಲಿ ಮುರಿದು ಸವಾರನ ಮುಖ ಒಡೆದ ದಿನ, ದಂಡದ ಮೊದಲ ಚೀಟಿ ಬೇಲಿ ನಿಲ್ಲಿಸಿದವನ ವಿಳಾಸಕ್ಕೆ ಹೋಗಬೇಕು.