ಹಾಲಿನ ಶೀತಯಂತ್ರ ನಿಂತಾಗ

ನಮ್ಮ ಜತ್ತ, ಅಕ್ಕಲಕೋಟೆ ಕಡೆಯ ಹಳ್ಳಿಗಳಲ್ಲಿ ಹಾಲಿನ ಸಂಘದ ಶೀತಯಂತ್ರ ನಿಂತಿತೆಂದರೆ, 'ಕಂಪ್ರೆಸರ್ ಸುಟ್ಟಿತು' ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಪರೀಕ್ಷಿಸದೆ ಹೊಸದನ್ನು ಕೊಳ್ಳುವ ಈ ಅಭ್ಯಾಸವನ್ನು ಬಿಡತಕ್ಕದ್ದು. ಕರೆದ ಹಾಲು ಬೇಗನೆ 4 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯದಿದ್ದರೆ ಕೆಡುವುದು. ಆ ಹಾನಿಯ ಮೇಲೆ ಅನಾವಶ್ಯಕ ಖರ್ಚನ್ನೂ ಹೊರಬೇಕೆ?

ಮೊದಲು ವಿದ್ಯುತ್ತನ್ನು ನೋಡಬೇಕು. ಬಾವಿಯ ಮೋಟಾರಿನಂತೆಯೇ ಇದೂ. ಮೂರು ಫೇಸುಗಳಲ್ಲಿ ಒಂದು ಹೋದರೆ ಅಥವಾ ವೋಲ್ಟೇಜು ತೀರ ಇಳಿದರೆ ತಿರುಗಲಾರದೆ ಗುಂಯ್‌ಗುಟ್ಟುತ್ತದೆ. ಆಗ ಹಟ ಹಿಡಿದು ಸ್ವಿಚ್ಚು ಒತ್ತಿದರೆ ಒಳಗಿನ ಸುರುಳಿ ನಿಜವಾಗಿಯೂ ಸುಡುವುದು. ಹೋದ ಕರೆಂಟು ಬಂದ ಕೂಡಲೆ ಯಂತ್ರ ಹಚ್ಚದೆ 5 ನಿಮಿಷ ತಾಳಬೇಕು. ಒಳಗಿನ ಒತ್ತಡ ಸಮವಾದರೆ ಅದು ಹಗುರಾಗಿ ಏಳುತ್ತದೆ.

ಎರಡನೆಯದು, ಕಂಡೆನ್ಸರಿನ ಧೂಳು. ಶಾಖ ಹೊರಹೋಗದಿದ್ದರೆ ಕಂಪ್ರೆಸರ್ ಕಾದು ತಾನೇ ನಿಲ್ಲುತ್ತದೆ. ಮೇನ್ ಸ್ವಿಚ್ಚು ಬಂದು ಮಾಡಿ ಮೃದುವಾದ ಬ್ರಷ್ಷಿನಿಂದ ಒರೆಸುವುದಕ್ಕೆ ಮಿಸ್ತ್ರಿ ಬೇಕಿಲ್ಲ.

ಮೂರನೆಯದು, ಗ್ಯಾಸು. ಅದು ಡೀಸೆಲಿನಂತೆ ಉರಿದು ತೀರುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರುವ ಜಾಗ ಮುಚ್ಚದೆ ಗ್ಯಾಸು ತುಂಬಿಸುವುದು ತೂತುಗಡಿಗೆಗೆ ನೀರು ಹೊಯ್ದಂತೆಯೇ ಸರಿ.

ಇಷ್ಟೂ ಸರಿಯಿದ್ದರೆ, ಕೆಲಸ ಬಲ್ಲ ಮಿಸ್ತ್ರಿಯು ಮೀಟರು ಹಚ್ಚಿ ಸುರುಳಿಯನ್ನು ಪರೀಕ್ಷಿಸಲಿ. ವಿದ್ಯುತ್ ಪೆಟ್ಟಿಗೆಯನ್ನು ನಾವು ಬಿಚ್ಚುವುದು ಬೇಡ. ಆದರೆ ದೋಷ ಯಾವುದು, ಅದನ್ನು ಹೇಗೆ ಕಂಡುಹಿಡಿದರು ಎಂಬುದನ್ನು ಬರೆಯಿಸಿಕೊಳ್ಳದೆ ಸಂಘದ ಪಂಚರು ಒಂದು ರೂಪಾಯಿಯನ್ನೂ ಮಂಜೂರು ಮಾಡಬಾರದು. ಆ ಹಣ ನಮ್ಮ ಎಮ್ಮೆ ಆಕಳುಗಳ ಕೆಚ್ಚಲಿನಿಂದ ಬಂದದ್ದು.