ತಂತ್ರಾಂಶ ತಂಡಕ್ಕೆ ಎಂತಹ ನಾಯಕತ್ವ?

ಬೇಡಿಕೆ ಹೆಚ್ಚಿದಾಗ ಕಾರ್ಖಾನೆಯಲ್ಲಿ ಇನ್ನೊಂದು ಪಾಳಿ ಆರಂಭಿಸಿ ಕೆಲಸಗಾರರನ್ನು ಹೆಚ್ಚಿಸುವುದು ವಾಡಿಕೆ. ತಂತ್ರಾಂಶ ತಂಡವನ್ನೂ ಹೀಗೆಯೇ ನಡೆಸಹೊರಟರೆ ಹಣ, ಸಮಯ ಎರಡೂ ನಷ್ಟ.

1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ಓಎಸ್/360 ತಂತ್ರಾಂಶದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ ಅವರು ತಮ್ಮ ಅನುಭವದ ಸಾರವನ್ನು 1975ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ತಡವಾದ ತಂತ್ರಾಂಶ ಯೋಜನೆಗೆ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದು ಅವರ ನಿಯಮ. ಹೊಸಬರಿಗೆ ಕೆಲಸ ತಿಳಿಸಲು ಹಳಬರ ಸಮಯ ವ್ಯಯವಾಗುತ್ತದೆ. ಪರಸ್ಪರ ಸಮಾಲೋಚನೆಯೂ ಬೆಳೆಯುತ್ತದೆ. ಐವರ ನಡುವೆ 10 ಸಂಪರ್ಕಗಳಿದ್ದರೆ ಹತ್ತು ಮಂದಿಯ ನಡುವೆ 45.

ಆದ್ದರಿಂದ ಇಲ್ಲಿ ಆಜ್ಞಾಪಿಸುವ ನಾಯಕನಿಗಿಂತ ಆಲಿಸುವ ನಾಯಕನೇ ಲೇಸು. ಅಗತ್ಯಗಳನ್ನು ಆರಂಭದಲ್ಲೇ ಲಿಖಿತವಾಗಿ ನಿರ್ಧರಿಸಿ, ವಿನ್ಯಾಸದ ಅಂತಿಮ ತೀರ್ಮಾನವನ್ನು ಒಬ್ಬ ಅನುಭವಿಗೆ ವಹಿಸುವುದು ಒಳಿತು. ವಿಳಂಬವಾಗಲಿದೆ ಎಂದು ಮುಂಚಿತವಾಗಿ ತಿಳಿಸಿದ ಎಂಜಿನಿಯರನ್ನು ಗದರಿಸಿದರೆ, ಮುಂದಿನ ಬಾರಿ ಆ ಸಂಗತಿ ಗಡುವಿನ ದಿನವೇ ತಿಳಿಯುತ್ತದೆ.

ಜಿಎಸ್‌ಟಿ ಬಿಲ್ಲಿಂಗ್ ಅಥವಾ ದಾಸ್ತಾನು ಲೆಕ್ಕದ ತಂತ್ರಾಂಶ ಮಾಡಿಸುವ ಸಣ್ಣ ಉದ್ಯಮಿಗಳಿಗೂ ಈ ಮಾತು ಅನ್ವಯಿಸುತ್ತದೆ. ಗಡುವು ತಪ್ಪುವ ಸೂಚನೆ ಕಂಡಾಗ ಜನರನ್ನು ಹೆಚ್ಚಿಸುವುದಕ್ಕಿಂತ, ತತ್ಕಾಲಕ್ಕೆ ಬೇಡಿಕೆಗಳ ಪಟ್ಟಿಯನ್ನು ಕಿರಿದಾಗಿಸುವುದು ಜಾಣತನ.