ಮಾಯಾ ಕಲಿತರೆ ಅನಿಮೇಟರ್ ಆಗಲ್ಲ ಸ್ವಾಮಿ!

"ನಾಲ್ಕೇ ತಿಂಗಳಲ್ಲಿ ಮಾಯಾ ಕಲಿಸಿ ಅನಿಮೇಟರ್ ಮಾಡ್ತೀವಿ" ಅನ್ನೋ ಬೋರ್ಡು ಕಂಡ್ರೆ ಮೈ ಉರಿಯುತ್ತೆ. ಅಲ್ಲಾ, ಟೈಪಿಂಗ್ ಕಲಿತವರೆಲ್ಲ ಕಾದಂಬರಿ ಬರೀತಾರಾ? ನಾನೂ ಅಂಥದೊಂದು ಕಡೆ ದುಡ್ಡು ಸುರಿದೆ. ಮೆನುಗಳೆಲ್ಲ ಬಾಯಿಪಾಠ ಆದವು.. ನನ್ನ ಬೊಂಬೆ ಮಾತ್ರ ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿದ ಹಾಗೆ ನಡೀತಿತ್ತು.

ಆಮೇಲೆ ಆನ್‌ಲೈನ್ ಕೋರ್ಸಿಗೆ ಸೇರಿದೆ. ಮೊದಲ ಪಾಠ, ಪುಟಿಯೋ ಚೆಂಡು! ಇಂಜಿನಿಯರಿಂಗ್ ಮಾಡಿದವನಿಗೆ ಚೆಂಡಾಟವಾ ಅಂತ ನಕ್ಕೆ. ಸೆಕೆಂಡಿಗೆ 24 ಫ್ರೇಮು. ಮೇಲೆ ತಲುಪಿದಾಗ ಚೆಂಡು ನಿಧಾನ, ಫ್ರೇಮುಗಳ ನಡುವಿನ ಅಂತರ ಕಮ್ಮಿ. ಬೀಳ್ತಾ ಬೀಳ್ತಾ ಜಾಸ್ತಿ. ಇದು ಪಿಯುಸಿ ಫಿಸಿಕ್ಸೇ. ಆದ್ರೂ ನನ್ನ ಚೆಂಡು ಬಲೂನಿನ ಹಾಗೆ ತೇಲ್ತಿತ್ತು! ಮೇಷ್ಟ್ರು ನನ್ನ ವಿಡಿಯೋ ಮೇಲೇ ಗೆರೆ ಎಳೆದು ತಪ್ಪು ತೋರಿಸಿದ್ರು. ಆರು ಸಲ ಮಾಡಿದ ಮೇಲೆ ಚೆಂಡಿಗೆ ತೂಕ ಬಂತು.

ಡಿಸ್ನಿಯ ಫ್ರಾಂಕ್ ಥಾಮಸ್, ಓಲಿ ಜಾನ್‌ಸ್ಟನ್ ಅನಿಮೇಶನ್ನಿನ 12 ತತ್ವಗಳನ್ನ 1981ರಲ್ಲೇ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅವೆಲ್ಲ ಪೆನ್ಸಿಲ್ಲು-ಕಾಗದದ ಕಾಲದವು. ಸಾಫ್ಟ್‌ವೇರ್ ಬೇಕಂದ್ರೆ ಬ್ಲೆಂಡರ್ ಪುಕ್ಕಟೆ ಸಿಗುತ್ತೆ. ಹಾಗಿದ್ಮೇಲೆ ಬಟನ್ ತೋರಿಸೋಕೆ ಯಾಕ್ರೀ ಫೀಸು?

ಸೇರೋ ಮುಂಚೆ ಒಂದೇ ಪ್ರಶ್ನೆ ಕೇಳಿ: "ನಾನು ಮಾಡಿದ್ದನ್ನ ಯಾರು ನೋಡಿ ತಿದ್ತಾರೆ?" ಉತ್ತರಕ್ಕೆ ತಡವರಿಸಿದ್ರೆ ಎದ್ದು ಬನ್ನಿ. ಏನಂತೀರಿ?